ಕೆಂಡದಲ್ಲಿ ಸುಟ್ಟ ಬದನೆ: ಹೊಗೆಯ ಘಮ ಗೊಜ್ಜಿಗೆ ಇಳಿಯಬೇಕಾದರೆ

ಕೊಡಗಿನ ತೋಟದ ಮನೆಗಳಲ್ಲಿ ಬದನೆಕಾಯಿ ಸುಡಲು ಅಡುಗೆಮನೆಗಿಂತಲೂ ಬಚ್ಚಲಿನ ಹಂಡೆ ಒಲೆಯೇ ಒಳ್ಳೆಯ ಜಾಗ. ಸಂಜೆ ಸ್ನಾನದ ನೀರು ಕಾದು, ಕಾಫಿ ಗಿಡದ ಕೊಂಬೆಗಳ ಉರಿ ತಗ್ಗಿ, ಕೆಂಡದ ಮೇಲೆ ಬೂದಿಯ ತೆಳುಪದರ ಕೂರುವ ಹೊತ್ತಿಗೆ ಹಲಸಿನ ಬೀಜವನ್ನೋ ಗೆಣಸನ್ನೋ ಅದರಲ್ಲಿ ಹುಗಿದಿಡುವುದು ನಮ್ಮ ಮನೆಯ ರೂಢಿ. ಬದನೆಗೆ ಬೇಕಾದದ್ದೂ ಅದೇ ಹದದ ಕೆಂಡ. ಗ್ಯಾಸ್ ಒಲೆಯೊಂದೇ ಇರುವವರು ಹಿಂಜರಿಯಬೇಕಾಗಿಲ್ಲ. ಆದರೆ ಒಲೆ ಯಾವುದೇ ಇರಲಿ, ಕಾಯಿ ಪೂರ್ತಿ ಕುಸಿಯುವ ತನಕ ಸುಡಬೇಕು ಮತ್ತು ಸುಟ್ಟ ಮೇಲೆ ಅದನ್ನು ನೀರಿನಲ್ಲಿ ತೊಳೆಯಬಾರದು.

ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಆರಿಸುವಾಗ ತಲಾ 300 ಗ್ರಾಂ ತೂಗುವ ದಪ್ಪನೆಯ ಎರಡು ಕಾಯಿಗಳನ್ನು ತೆಗೆದುಕೊಳ್ಳಿ. ಸಿಪ್ಪೆ ಹೊಳೆಯುತ್ತಿರಬೇಕು, ತೊಟ್ಟು ಹಸಿರಾಗಿರಬೇಕು, ಹೆಬ್ಬೆರಳಿನಿಂದ ಒತ್ತಿದರೆ ತಗ್ಗು ಬೀಳದೆ ಮತ್ತೆ ಮೊದಲಿನಂತಾಗಬೇಕು. ಬಲಿತು ಬಣ್ಣಗೆಟ್ಟ ಕಾಯಿಯ ಬೀಜ ಕಹಿಯಾಗಿರುತ್ತದೆ, ಎಷ್ಟು ಸುಟ್ಟರೂ ಆ ಕಹಿ ಹೋಗುವುದಿಲ್ಲ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಉಡುಪಿಯ ಮಟ್ಟುಗುಳ್ಳ ಸಿಕ್ಕಿದರೆ ಅದೂ ಆದೀತು. ಅದರ ಸಿಪ್ಪೆ ತೆಳುವಾದ್ದರಿಂದ ಸ್ವಲ್ಪ ಬೇಗ ನೋಡಿಕೊಳ್ಳಬೇಕು.

ಕಾಯಿಯನ್ನು ತೊಳೆದು ಒರೆಸಿ, ಚಾಕುವಿನ ತುದಿಯಿಂದ ಐದಾರು ಕಡೆ ಚುಚ್ಚಿ. ಬದನೆಯ ತೂಕದಲ್ಲಿ ಶೇ 90ಕ್ಕಿಂತ ಹೆಚ್ಚು ನೀರೇ ಇರುವುದರಿಂದ ಒಳಗೆ ಹುಟ್ಟುವ ಹಬೆಗೆ ಹೊರಬರಲು ದಾರಿ ಬೇಕು. ಚಿಕ್ಕಂದಿನಲ್ಲಿ ನಾನು ಚುಚ್ಚದೆ ಇಟ್ಟ ಕಾಯಿಯೊಂದು ಒಲೆಯಲ್ಲೇ ಸಿಡಿದು, ಕೆಂಡದ ಚೂರು ಮುಂಗೈಗೆ ತಾಗಿತ್ತು. ಆ ಕಲೆ ಇಂದಿಗೂ ಇದೆ. ಚುಚ್ಚಿದ ಒಂದೆರಡು ಸೀಳಿನಲ್ಲಿ ಸಿಪ್ಪೆ ಸುಲಿದ ಬೆಳ್ಳುಳ್ಳಿ ಎಸಳು ಸಿಕ್ಕಿಸಿದರೆ ಅದೂ ಜೊತೆಯಲ್ಲೇ ಬೇಯುತ್ತದೆ.

ಜ್ವಾಲೆ ಏಳುವಾಗ ಕಾಯಿಯನ್ನು ಇಡಬೇಡಿ. ಒಣಗಿದ ಕಾಫಿ ಕೊಂಬೆ ಅಥವಾ ತೆಂಗಿನ ಕರಟ ಉರಿದು ಕೆಂಡವಾದ ಮೇಲೆ ಇಟ್ಟರೆ ಸಿಪ್ಪೆ ನಿಧಾನವಾಗಿ ಕರಿಯಾಗುತ್ತದೆ, ತಿರುಳು ತನ್ನದೇ ನೀರಿನ ಹಬೆಯಲ್ಲಿ ಬೇಯುತ್ತದೆ. ಕಟ್ಟಿಗೆಗೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ವಸ್ತು ಬಿಸಿಗೆ ಒಡೆದು ಗ್ವಾಯಕಾಲ್‌ನಂಥ ವಸ್ತುಗಳು ಹುಟ್ಟುತ್ತವೆ. ನಾವು ಹೊಗೆಯ ಘಮ ಎನ್ನುವುದು ಬಹುಮಟ್ಟಿಗೆ ಅವುಗಳದ್ದೇ. ಬಣ್ಣ ಬಳಿದ ಮರದ ಚೂರನ್ನು ಈ ಒಲೆಗೆ ಹಾಕಲೇಬಾರದು. ಮಳೆಗಾಲದ ಚಳಿಗೆ ಬಾಗಿಲು ಕಿಟಕಿ ಮುಚ್ಚಿ ಕೋಣೆಯೊಳಗೆ ಇದ್ದಲು ಹೊತ್ತಿಸುವುದಂತೂ ಪ್ರಾಣಕ್ಕೇ ಅಪಾಯ. ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಕೆಂಡದಲ್ಲಿ 20ರಿಂದ 25 ನಿಮಿಷ, ಗ್ಯಾಸಿನ ಮಧ್ಯಮ ಉರಿಯಲ್ಲಿ ಸುಮಾರು 15 ನಿಮಿಷ ಬೇಕು. ಐದು ನಿಮಿಷಕ್ಕೊಮ್ಮೆ ಇಕ್ಕಳದಿಂದ ಹೊರಳಿಸಿ, ಕೊನೆಗೆ ತೊಟ್ಟಿನ ಬುಡವನ್ನೂ ಕೆಂಡಕ್ಕೆ ತಾಗಿಸಿ. ಹೆಚ್ಚಿನವರು ಎಡವುವುದು ಇಲ್ಲೇ: ಹೊರಗೆ ಕಪ್ಪಾದದ್ದನ್ನು ಕಂಡು ಆಯಿತೆಂದು ತೆಗೆದುಬಿಡುತ್ತಾರೆ, ಒಳಗಿನ ತಿರುಳು ಇನ್ನೂ ಸ್ಪಂಜಿನಂತೆ ಇರುತ್ತದೆ. ಬೆಂದ ಕಾಯಿ ಗಾಳಿ ಹೋದ ಚೀಲದಂತೆ ಕುಗ್ಗುತ್ತದೆ, ಸೀಳುಗಳಿಂದ ಕಂದು ರಸ ಜಿನುಗುತ್ತದೆ, ತೊಟ್ಟಿನ ಕೆಳಗೆ ಕಡ್ಡಿ ಚುಚ್ಚಿದರೆ ತಡೆಯಿಲ್ಲದೆ ಇಳಿಯುತ್ತದೆ.

ತೆಗೆದ ಕಾಯಿಗಳನ್ನು ಪಾತ್ರೆಯಲ್ಲಿಟ್ಟು ಹತ್ತು ನಿಮಿಷ ಮುಚ್ಚಿಡಿ. ಆಮೇಲೆ ತೊಟ್ಟು ಹಿಡಿದು, ಒದ್ದೆ ಮಾಡಿಕೊಂಡ ಬೆರಳುಗಳಿಂದ ಸಿಪ್ಪೆಯನ್ನು ಮೇಲಿನಿಂದ ಕೆಳಕ್ಕೆ ಎಳೆದರೆ ಪಟ್ಟಿ ಪಟ್ಟಿಯಾಗಿ ಬರುತ್ತದೆ. ಅಲ್ಲಲ್ಲಿ ಕರಿ ಚೂರು ಉಳಿದರೆ ಉಳಿಯಲಿ. ಸಿಪ್ಪೆ ಬೇಗ ಬರಲೆಂದು ನಲ್ಲಿಯ ಕೆಳಗೆ ಹಿಡಿದರೆ ಅಷ್ಟು ಹೊತ್ತು ಕಾದು ಪಡೆದ ಘಮವೂ ನೀರಿನ ಜೊತೆ ಹೋಗುತ್ತದೆ. ಪಾತ್ರೆಯ ತಳದಲ್ಲಿ ನಿಂತ ರಸವನ್ನು ಒಮ್ಮೆ ನೆಕ್ಕಿ ನೋಡಿ; ಕಹಿ ಇಲ್ಲದಿದ್ದರೆ ಸೋಸಿ ಗೊಜ್ಜಿಗೇ ಸೇರಿಸಿ.

ತಿರುಳನ್ನು ಮಿಕ್ಸಿಗೆ ಹಾಕದೆ ಕೈಯಿಂದಲೇ ಕಿವುಚಿ. ಅದಕ್ಕೆ ಸಣ್ಣಗೆ ಹೆಚ್ಚಿದ ಒಂದು ಈರುಳ್ಳಿ, ಉಪ್ಪಿನೊಂದಿಗೆ ಜಜ್ಜಿದ ಮೂರು ನಾಲ್ಕು ಸೂಜಿಮೆಣಸು ಮತ್ತು ಸುಟ್ಟ ಬೆಳ್ಳುಳ್ಳಿ ಸೇರಿಸಿ. ಹುಳಿಗೆ ಹುಣಸೆಯ ಬದಲು ಅರ್ಧ ಟೀ ಚಮಚ ಕಾಚಂಪುಳಿ ಸಾಕು. ಪಂದಿ ಕರಿಗೆ ಬಳಸುವ ಈ ಕಪ್ಪು ಹುಳಿ, ಹಣ್ಣಿನ ರಸವನ್ನು ಬಹಳ ಹೊತ್ತು ಕುದಿಸಿ ಗಟ್ಟಿ ಮಾಡಿದ್ದಾದ್ದರಿಂದ ತುಂಬ ತೀಕ್ಷ್ಣವಾಗಿರುತ್ತದೆ. ತೊಟ್ಟು ತೊಟ್ಟಾಗಿ ಹಾಕಿ ರುಚಿ ನೋಡುತ್ತ ಹೋಗಬೇಕು. ನನ್ನ ಮಟ್ಟಿಗೆ ಹೊಗೆಯ ಜೊತೆ ಇದರಷ್ಟು ಚೆನ್ನಾಗಿ ಹೊಂದುವ ಹುಳಿ ಬೇರೆ ಇಲ್ಲ. ಕೊನೆಗೆ ಸಾಸಿವೆ, ಕರಿಬೇವಿನ ಒಗ್ಗರಣೆ. ಬಿಸಿ ಅಕ್ಕಿ ರೊಟ್ಟಿಗೂ ಗಂಜಿಗೂ ಇದು ಒಗ್ಗುತ್ತದೆ.

ಖಾರ ಬೇಡವೆನ್ನುವವರಿಗೆ ಮೊಸರು ಬಜ್ಜಿ ಮಾಡಬಹುದು. ತಿರುಳು ಪೂರ್ತಿ ಆರಿದ ಮೇಲೆ ಒಂದು ಲೋಟ ಗಟ್ಟಿ ಮೊಸರು, ತುರಿದ ಶುಂಠಿ, ಕೊತ್ತಂಬರಿ ಸೊಪ್ಪು ಬೆರೆಸಿ, ಇಂಗಿನ ಒಗ್ಗರಣೆ ಕೊಡಿ. ಇದಕ್ಕೆ ಕಾಚಂಪುಳಿ ಹಾಕಬೇಡಿ. ಉಪ್ಪನ್ನು ಬಡಿಸುವ ಹೊತ್ತಿಗಷ್ಟೇ ಹಾಕಿದರೆ ಬಜ್ಜಿ ನೀರಾಗುವುದಿಲ್ಲ. ಒಲೆಯಲ್ಲಿ ಕೆಂಡ ಉಳಿದಿದ್ದರೆ ಇನ್ನೆರಡು ಕಾಯಿ ಸುಟ್ಟು ತಿರುಳನ್ನಷ್ಟೇ ತೆಗೆದಿಡಿ. ಮುಚ್ಚಿದ ಡಬ್ಬಿಯಲ್ಲಿ, ಫ್ರಿಜ್ಜಿನೊಳಗೆ, ಅದು ಎರಡು ದಿನ ಕೆಡದೆ ಇರುತ್ತದೆ.