ಎರೆ ಹೊಲದಲ್ಲಿ ಸ್ವಂತ ವಿಮಾನಪಟ್ಟಿ: ನಿರ್ಮಿಸುವುದು ಹೇಗೆ?

ಸ್ವಂತ ಜಮೀನಿನಲ್ಲಿ ವಿಮಾನಪಟ್ಟಿ ಮಾಡಬೇಕೆನ್ನುವವರು ಮೊದಲು ಉದ್ದದ ಲೆಕ್ಕ ಹಾಕಬೇಕು. ನಾಲ್ಕು ಆಸನಗಳ ಸೆಸ್ನಾ 172ರಂಥ ವಿಮಾನವು ಸಮುದ್ರಮಟ್ಟದ ತಂಪು ಹವೆಯಲ್ಲಿ ಓಟ ಆರಂಭಿಸಿದಲ್ಲಿಂದ ನೆಲ ಬಿಟ್ಟು 15 ಮೀಟರ್ ಎತ್ತರಕ್ಕೇರಲು ಸುಮಾರು 500 ಮೀಟರ್ ಸಾಕು. ನಮ್ಮ ಹುಬ್ಬಳ್ಳಿ ಇರುವುದು ಸುಮಾರು 660 ಮೀಟರ್ ಎತ್ತರದಲ್ಲಿ. ಏಪ್ರಿಲ್ ಮಧ್ಯಾಹ್ನದ ಉಷ್ಣಾಂಶ 37 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಪ್ರತಿ 300 ಮೀಟರ್ ಎತ್ತರಕ್ಕೆ ಶೇ 7ರಷ್ಟು, ಆ ಎತ್ತರದ ಪ್ರಮಾಣಿತ ಉಷ್ಣಾಂಶಕ್ಕಿಂತ ಏರಿದ ಪ್ರತಿ ಡಿಗ್ರಿಗೆ ಶೇ 1ರಷ್ಟು ಉದ್ದ ಹೆಚ್ಚಿಸಬೇಕೆಂಬ ಅಂತರರಾಷ್ಟ್ರೀಯ ಸೂತ್ರವನ್ನು ಅನ್ವಯಿಸಿದರೆ 500 ಮೀಟರ್ ಇಲ್ಲಿ 725ನ್ನು ದಾಟುತ್ತದೆ. ಹುಲ್ಲಿನ ನೆಲಕ್ಕೆ ಇನ್ನೂ ಶೇ 20ರಷ್ಟು ಸೇರಿಸಿದಾಗ 870 ಮೀಟರ್ ಆಗುವುದರಿಂದ, 900 ಮೀಟರಿಗಿಂತ ಕಡಿಮೆ ಉದ್ದವನ್ನು ನಮ್ಮ ಭಾಗದಲ್ಲಿ ಯೋಚಿಸಲೇಬಾರದು. ಅತಿ ಸಣ್ಣ ವರ್ಗದ ಪಟ್ಟಿಗೂ 18 ಮೀಟರ್ ಅಗಲದ ರನ್‌ವೇ, ಅದೂ ಸೇರಿ ಒಟ್ಟು 60 ಮೀಟರ್ ಅಗಲದ ಸಮತಟ್ಟು ಜಾಗ, ಎರಡೂ ತುದಿಗಳಾಚೆ ತಲಾ 30 ಮೀಟರ್ ಬೇಕು. ಅಂದರೆ ಒಂದೇ ನೇರದಲ್ಲಿ 14 ಎಕರೆಗೂ ಮಿಕ್ಕಿದ ಭೂಮಿ. ಇಷ್ಟು ಉದ್ದದ ಹೊಲ ಒಂದೇ ಸರ್ವೆ ನಂಬರಿನಲ್ಲಿ ಸಿಗುವುದು ಅಪರೂಪವಾದ್ದರಿಂದ, ಪಹಣಿ ಮತ್ತು ನಕ್ಷೆ ಹಿಡಿದು ನೆರೆಯ ಹೊಲದವರೊಡನೆ ಮಾತುಕತೆಗೆ ಕೂರುವುದು ಮೊದಲ ಹೆಜ್ಜೆಯಾಗುತ್ತದೆ.

ಎರಡನೆಯ ಹೆಜ್ಜೆ ಮಣ್ಣಿನ ಪರೀಕ್ಷೆ. ನವಲಗುಂದ, ನರಗುಂದ, ರೋಣದ ಎರೆ ಭೂಮಿ, ಅಂದರೆ ಕಪ್ಪು ಮಣ್ಣಿನ ನೆಲ, ಹತ್ತಿಗೆ, ಕಡಲೆಗೆ, ಬಿಳಿಜೋಳಕ್ಕೆ ಬಂಗಾರದಂಥದ್ದು. ರನ್‌ವೇಗೆ ಮಾತ್ರ ಅದರಷ್ಟು ಕಷ್ಟದ ನೆಲ ಇನ್ನೊಂದಿಲ್ಲ. ಮಳೆಯಲ್ಲಿ ಉಬ್ಬಿ ಚಕ್ರಕ್ಕೆ ಮೆತ್ತಿಕೊಳ್ಳುವ ಈ ಮಣ್ಣು ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಅಗಲವಾಗಿ ಬಿರಿಯುತ್ತದೆ. ಇದನ್ನು ಅಳೆಯುವ ಪರೀಕ್ಷೆ ಸರಳವಾಗಿದೆ. ಒಲೆಯಲ್ಲಿ ಒಣಗಿಸಿ ಜರಡಿ ಹಿಡಿದ ಮಣ್ಣನ್ನು ಹತ್ತು ಹತ್ತು ಗ್ರಾಂ ತೂಗಿ, 100 ಮಿಲಿಲೀಟರಿನ ಎರಡು ಗಾಜಿನ ಅಳತೆ ಕೊಳವೆಗಳಿಗೆ ಹಾಕಿ, ಒಂದಕ್ಕೆ ನೀರನ್ನೂ ಇನ್ನೊಂದಕ್ಕೆ ಸೀಮೆಎಣ್ಣೆಯನ್ನೂ ತುಂಬಿ, ಗಾಳಿಯ ಗುಳ್ಳೆ ಹೋಗುವಂತೆ ಕಲಕಿ 24 ಗಂಟೆ ಬಿಡಬೇಕು. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬದೆ ತಳದಲ್ಲಿ ಕೂರುತ್ತದೆ. ನೀರಿನಲ್ಲಿ ಅದರ ಮಟ್ಟ ಸೀಮೆಎಣ್ಣೆಯಲ್ಲಿನ ಮಟ್ಟಕ್ಕಿಂತ ಶೇ 50ಕ್ಕಿಂತ ಹೆಚ್ಚು ಮೇಲೇರಿದ್ದರೆ ಅದು ಅತಿಯಾಗಿ ಉಬ್ಬುವ ಮಣ್ಣು. ಇಂಥ ಎರೆ ಆಳವಾಗಿದ್ದಲ್ಲಿ ಹಣ ಸುರಿಯುವ ಬದಲು ಧಾರವಾಡದ ಪಶ್ಚಿಮಕ್ಕೆ, ಕಲಘಟಗಿಯ ಕಡೆ ಸಿಗುವ ಮಸಾರಿ (ಕೆಂಪು ಮಣ್ಣಿನ) ಭೂಮಿಯನ್ನು ನೋಡುವುದು ಲೇಸೆಂಬುದು ನನ್ನ ದೃಢವಾದ ಅಭಿಪ್ರಾಯ. ಬೆಣ್ಣಿಹಳ್ಳ, ತುಪರಿಹಳ್ಳಗಳ ನೆರೆ ನುಗ್ಗುವ ಹೊಲಗಳನ್ನಂತೂ ಆರಂಭದಲ್ಲೇ ಕೈಬಿಡಬೇಕು.

ದಿಕ್ಕನ್ನು ಗಾಳಿಯೇ ನಿರ್ಧರಿಸಲಿ. ಆಷಾಢದ ಗಾಳಿ ನಮ್ಮಲ್ಲಿ ಪಶ್ಚಿಮದಿಂದ ಬೀಸುವುದು ಎಲ್ಲರಿಗೂ ಗೊತ್ತು. ಹುಬ್ಬಳ್ಳಿ ವಿಮಾನ ನಿಲ್ದಾಣದ ರನ್‌ವೇಗೆ 08 ಮತ್ತು 26 ಎಂಬ ಸಂಖ್ಯೆಗಳಿರುವುದು, ಅಂದರೆ ಅದು 80 ಮತ್ತು 260 ಡಿಗ್ರಿಗಳ ನೇರದಲ್ಲಿ ಹೆಚ್ಚುಕಡಿಮೆ ಪೂರ್ವ ಪಶ್ಚಿಮವಾಗಿ ಇರುವುದು, ಈ ಗಾಳಿಗೆ ಹೊಂದುವಂತಿದೆ. ಆದರೂ ನಿಮ್ಮ ಹೊಲದಲ್ಲೇ ಒಂದು ವರ್ಷ ಗಾಳಿಯನ್ನು ಅಳೆದು ಬರೆದಿಡಿ. ಸಣ್ಣ ವಿಮಾನಕ್ಕೆ ಅಡ್ಡಗಾಳಿಯು ಶೇ 95ರಷ್ಟು ಸಮಯವಾದರೂ ಗಂಟೆಗೆ 19 ಕಿಲೋಮೀಟರಿನೊಳಗೆ ಇರಬೇಕು.

ಆ ನೇರದಲ್ಲಿ ನಿಂತು ಎರಡೂ ತುದಿಗಳಾಚೆ ನೋಡಬೇಕು. ರನ್‌ವೇಯ ತುದಿಯಿಂದ 30 ಮೀಟರ್ ಬಿಟ್ಟು, ಅಲ್ಲಿಂದ 20 ಮೀಟರ್ ದೂರಕ್ಕೆ 1 ಮೀಟರಿನಂತೆ ಏರುವ ಕಾಲ್ಪನಿಕ ಇಳಿಜಾರನ್ನು ಯಾವುದೂ ಚುಚ್ಚಬಾರದು. 15 ಮೀಟರ್ ಎತ್ತರದ ನೀಲಗಿರಿ ಮರ 330 ಮೀಟರಿನಾಚೆ ಇರಬೇಕು; ವಿದ್ಯುತ್ ಗೋಪುರ, ಗದಗದ ಗುಡ್ಡಗಳ ಗಾಳಿಯಂತ್ರಗಳು ಇನ್ನೂ ಬಹಳ ದೂರ. ಹಕ್ಕಿಗಳನ್ನು ಬಹಳ ಜನ ಮರೆಯುತ್ತಾರೆ. ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸರ್ ಪಟ್ಟಿಗೆ 2024ರಲ್ಲಿ ಸೇರಿದ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳು ಸುತ್ತಲಿನ ಹೊಲಗಳಿಗೆ ಮೇಯಲು ಹಿಂಡಾಗಿ ಹಾರುತ್ತವೆ. ಎರಡು ಮೂರು ಕಿಲೋ ತೂಗುವ ಹಕ್ಕಿ ಬಡಿದರೆ ವಿಮಾನಕ್ಕೂ ಅಪಾಯ, ಹಕ್ಕಿಗೂ ಸಾವು. ಆ ಕೆರೆಯ ಸೀಮೆಯಲ್ಲಿ ವಿಮಾನಪಟ್ಟಿಯ ಮಾತೇ ಬೇಡ.

ಕಾಗದಪತ್ರದ ಕೆಲಸವನ್ನು ಮಣ್ಣು ಮುಟ್ಟುವ ಮೊದಲೇ ಮುಗಿಸಬೇಕು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಜಿಲ್ಲಾಧಿಕಾರಿಗಳಿಂದ ಎನ್.ಎ., ಅಂದರೆ ಜಮೀನನ್ನು ಕೃಷಿಯೇತರ ಬಳಕೆಗೆ ಪರಿವರ್ತನೆ, ಮಾಡಿಸಿಕೊಳ್ಳಬೇಕು. ವಿಮಾನಯಾನದ ಅನುಮತಿಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವನ್ನು (ಡಿಜಿಸಿಎ) ಸಂಪರ್ಕಿಸಬೇಕು. 1934ರ ಹಳೆಯ ಕಾಯ್ದೆಯ ಬದಲು 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಜಾರಿಯಲ್ಲಿದೆ. ಹುಬ್ಬಳ್ಳಿ ನಿಲ್ದಾಣಕ್ಕೆ ಹತ್ತಿರವಾದಷ್ಟೂ ವಾಯುಮಾರ್ಗದ ತೊಡಕು ಹೆಚ್ಚು. ಖಾಸಗಿ ಪಟ್ಟಿಗಳು ನಮ್ಮ ಸೀಮೆಗೆ ಹೊಸವೇನಲ್ಲ; ಕೊಪ್ಪಳದ ಗಿಣಿಗೇರಿಯಲ್ಲೂ ಬಳ್ಳಾರಿ ಸೀಮೆಯ ತೋರಣಗಲ್ಲಿನಲ್ಲೂ ಕೈಗಾರಿಕೆಗಳವರು ನಿರ್ಮಿಸಿದವು ಇವೆ.

ನಿರ್ಮಾಣಕ್ಕೆ ಸುಗ್ಗಿ ಮುಗಿದ ಮೇಲಿನ ಒಣ ತಿಂಗಳುಗಳೇ ಸರಿ. ಬದು, ಒಡ್ಡುಗಳನ್ನು ಕಿತ್ತು, ಬೇರು ತುಂಬಿದ ಮೇಲ್ಮಣ್ಣನ್ನು ತೆಗೆದು ಬದಿಗಿಡಿ. ಹುಲ್ಲು ಬೆಳೆಸಲು ಅದು ಬೇಕಾಗುತ್ತದೆ. ಎರೆ ತೆಳುವಾಗಿದ್ದರೆ ಪೂರ್ತಿ ತೆಗೆದು ಗರಸು (ಜಲ್ಲಿ ಬೆರೆತ ಗಟ್ಟಿ ಮಣ್ಣು) ತುಂಬಬಹುದು. ತೆಗೆಯಲಾಗದಿದ್ದರೆ ಮಣ್ಣಿನ ತೂಕದ ಶೇ 3ರಿಂದ 6ರಷ್ಟು ಸುಣ್ಣ ಬೆರೆಸಿ ಉಬ್ಬುವ ಗುಣವನ್ನು ತಗ್ಗಿಸಿ, ಅದರ ಮೇಲೆ ಗರಸು ಹಾಸಬೇಕು. ಒಂದೊಂದು ಪದರವೂ 15ರಿಂದ 20 ಸೆಂಟಿಮೀಟರ್ ಮೀರದಂತೆ ಹರಡಿ, ಹದವಾಗಿ ನೀರುಣಿಸಿ ರೋಲರ್ ಓಡಿಸಬೇಕು. ನಡುವಿನಿಂದ ಅಂಚಿನ ಕಡೆಗೆ ಶೇ 2ರಷ್ಟು ಇಳಿಜಾರು ಕೊಟ್ಟು, 60 ಮೀಟರ್ ಅಗಲದ ಸಮತಟ್ಟು ಜಾಗದ ಹೊರಗೆ ಎರಡೂ ಬದಿಗೆ ಕಾಲುವೆ ತೋಡಬೇಕು. ಖರ್ಚು ಉಳಿಸುವ ಆಸೆ ಎಲ್ಲಿದ್ದರೂ ಈ ಕಾಲುವೆಗಳಲ್ಲಿ ಇರಕೂಡದು, ಏಕೆಂದರೆ ನಿಂತ ನೀರು ಗರಸಿನ ಕೆಳಗಿಳಿದು ಎರೆಯನ್ನು ಮುಟ್ಟಿದರೆ ಮಾಡಿದ್ದೆಲ್ಲ ಅಲೆಅಲೆಯಾಗಿ ಏಳುತ್ತದೆ. ಮುಂಗಾರು ಹಿಡಿಯುತ್ತಲೇ ಎತ್ತಿಟ್ಟ ಮೇಲ್ಮಣ್ಣು ಹರಡಿ ಗರಿಕೆ ನೆಡಿ. ಮಣ್ಣನ್ನು ಅದರಷ್ಟು ಬಿಗಿಯಾಗಿ ಹಿಡಿಯುವ ಹುಲ್ಲು ನಮ್ಮಲ್ಲಿ ಬೇರೆಯಿಲ್ಲ.

ಅಂಚುಗಳಿಗೆ ಬಿಳಿ ಗುರುತು, ಮೇಲಿನಿಂದ ಕಾಣುವ ಕಡೆ ಕನಿಷ್ಠ 3.6 ಮೀಟರ್ ಉದ್ದದ, ಗಾಳಿಯ ದಿಕ್ಕು ತೋರಿಸುವ ಗಾಳಿಚೀಲ, ದನಕರು ನುಗ್ಗದಂತೆ ಬೇಲಿ ಆಗಲೇಬೇಕು. ಕೊನೆಗೆ ಗಟ್ಟಿ ಸ್ಪ್ರಿಂಗಿನ ಜೀಪನ್ನು ಗಂಟೆಗೆ 75 ಕಿಲೋಮೀಟರ್ ವೇಗದಲ್ಲಿ ರನ್‌ವೇಯ ಉದ್ದಕ್ಕೂ ಓಡಿಸಿ ನೋಡಿ. ಒಳಗೆ ಕುಳಿತವರಿಗೆ ಕುಲುಕಾಟ ತಾಳಲಾರದಂತಿದ್ದರೆ ಆ ಜಾಗಕ್ಕೆ ಗುರುತು ಹಾಕಿ ಮತ್ತೆ ಸಮ ಮಾಡಬೇಕು. ಪ್ರತಿ ದೊಡ್ಡ ಮಳೆಯ ನಂತರವೂ ಇದೇ ಪರೀಕ್ಷೆ ಮುಗಿದ ಮೇಲೆಯೇ ವಿಮಾನ ಇಳಿಯಲು ಒಪ್ಪಿಗೆ ಕೊಡಬೇಕು.