ಅಂಗಡಿಯಲ್ಲಿ ಸಿಗದ ಹಸಿ ಕಾಳುಮೆಣಸಿನ ಉಪ್ಪಿನಕಾಯಿ: ಹುಡುಕುವುದು ಹೇಗೆ?

ಎಳೆ ಕಾಳುಮೆಣಸಿನ ಗೆರೆ (ಕಾಳುಗಳು ಸಾಲಾಗಿ ಅಂಟಿಕೊಂಡಿರುವ ತೆನೆ), ನಿಂಬೆರಸ, ಕಲ್ಲುಪ್ಪು. ಇಷ್ಟೇ. ಗಂಜಿಗಾದರೂ ಸರಿ, ಮೊಸರನ್ನಕ್ಕಾದರೂ ಸರಿ, ಒಂದು ಗೆರೆ ಬಾಯಿಗೆ ಹಾಕಿಕೊಂಡರೆ ಬೇರೆ ಏನೂ ಬೇಡ. ಹಾಸನ, ಚಿಕ್ಕಮಗಳೂರಿನ ಕಾಫಿಪುಡಿ ಅಂಗಡಿಗಳಲ್ಲಿ ಜೇನುತುಪ್ಪದ ಪಕ್ಕ ಇದರ ಬಾಟಲಿಯೂ ಇರುತ್ತಿತ್ತು. ಈಗ ಕೇಳಿದರೆ ಬರುವ ಉತ್ತರ ಒಂದೇ: "ಅದು ಬರ್ತಾ ಇಲ್ಲ ಸಾರ್. ಮಿಡಿ ಉಪ್ಪಿನಕಾಯಿ ಕೊಡ್ಲಾ?"

ಬೇಕೇ ಬೇಕು ಅನ್ನುವವರು ಸಾಮಾನ್ಯವಾಗಿ ಹಳೇ ಬಾಟಲಿಯ ಹೆಸರು ಹಿಡಿದು ಅಂಗಡಿಯಿಂದ ಅಂಗಡಿಗೆ ಅಲೆಯುತ್ತಾರೆ. ಇದು ವರ್ಷದಲ್ಲಿ ಕೆಲವೇ ವಾರ ಸಿಗುವ ಕಾಯಿ. ಹೆಸರು ಹಿಡಿದು ಹುಡುಕುವ ಬದಲು ತಿಂಗಳು ಹಿಡಿದು ಹುಡುಕಿ. ಹುಡುಕುವ ಕ್ರಮ ಹೀಗೆ.

ಮೊದಲು, ನಿಮಗೆ ಬೇಕಾದದ್ದು ಯಾವುದು?

ಹಸಿ ಕಾಳುಮೆಣಸಿನ ಉಪ್ಪಿನಕಾಯಿ ಅಂದರೆ ಒಂದೇ ಬಗೆ ಅಲ್ಲ. ಬರೀ ಉಪ್ಪುನೀರಿನಲ್ಲಿ ನೆನೆಸಿದ್ದು ಒಂದು. ಯುರೋಪಿಗೆ ರಫ್ತಾಗುವುದು ಈ ಬಗೆ, ಅಲ್ಲಿ ಮಾಂಸದ ಅಡುಗೆಗೆ ಬಳಸುತ್ತಾರೆ. ನಿಂಬೆರಸದಲ್ಲಿ ಹಾಕಿದ್ದು ಇನ್ನೊಂದು, ನಮ್ಮ ಮನೆಗಳದ್ದು. ಎಣ್ಣೆ, ಸಾಸಿವೆ, ಖಾರದ ಪುಡಿ ಸೇರಿಸಿದ್ದು ಮೂರನೆಯದು. ಶುಂಠಿ ಚೂರು ಅಥವಾ ಮಾವಿನಶುಂಠಿ ಬೆರೆಸಿದ್ದೂ ಉಂಟು.

ನೆನಪು ಮಾಡಿಕೊಳ್ಳಿ. ರಸ ತಿಳಿಯಾಗಿತ್ತಾ, ಕೆಂಪಾಗಿತ್ತಾ? ಕಾಳು ಬಿಡಿಬಿಡಿಯಾಗಿತ್ತಾ, ಗೆರೆ ಸಮೇತ ಇತ್ತಾ? ಹುಳಿ ಮುಂದಿತ್ತಾ, ಉಪ್ಪು ಮುಂದಿತ್ತಾ? ಇಷ್ಟು ಹೇಳಿದರೆ ಅಂಗಡಿಯವರಿಗೂ ಸುಲಭ, ಕೊನೆಗೆ ನೀವೇ ಹಾಕುವುದಾದರೆ ನಿಮಗೂ ಸುಲಭ.

ಖಾಲಿ ಬಾಟಲಿ ಎಸೆಯಬೇಡಿ

ಲೇಬಲ್ಲಿನಲ್ಲಿ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಗುರುತಿನ ಕೆಳಗೆ 14 ಅಂಕಿಯ ಸಂಖ್ಯೆ ಇರುತ್ತದೆ. ಮೊದಲ ಅಂಕಿ 1 ಇದ್ದರೆ ಪರವಾನಗಿ, 2 ಇದ್ದರೆ ಸಣ್ಣ ತಯಾರಕರ ನೋಂದಣಿ. ಇದೇ ಪ್ರಾಧಿಕಾರದ ಫಾಸ್ಕಾಸ್ (FoSCoS) ಜಾಲತಾಣದಲ್ಲಿ ಈ ಸಂಖ್ಯೆ ಹಾಕಿದರೆ ತಯಾರಕರ ಹೆಸರೂ ಬರುತ್ತದೆ, ಪರವಾನಗಿ ಈಗಲೂ ಚಾಲ್ತಿಯಲ್ಲಿದೆಯೋ ಇಲ್ಲವೋ ಅದೂ ಗೊತ್ತಾಗುತ್ತದೆ.

ಲೇಬಲ್ಲಿನಲ್ಲಿ ಎರಡು ವಿಳಾಸ ಇದ್ದರೆ ಮಾರುವವರದ್ದು ಬಿಡಿ, ತಯಾರಿಸುವವರದ್ದು ನೋಡಿ. ಒಂದು ಹೆಸರಿನಲ್ಲಿ ಮಾರುವುದು ನಿಂತರೂ ಅದನ್ನು ಹಾಕುತ್ತಿದ್ದ ಮನೆಯವರು ಇನ್ನೊಬ್ಬರಿಗೆ ಹಾಕಿಕೊಡುತ್ತಿರಬಹುದು. ನೇರವಾಗಿ ಫೋನ್ ಮಾಡಿ ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ. ತಮ್ಮ ಉಪ್ಪಿನಕಾಯಿಯನ್ನು ಯಾರೋ ಹುಡುಕುತ್ತಿದ್ದಾರೆ ಅಂದರೆ ಯಾರಿಗೆ ತಾನೇ ಬೇಜಾರು?

ಅಂಗಡಿಯಲ್ಲಿ ಏನು ಕೇಳಬೇಕು?

"ಇದೆಯಾ?" ಅಂದರೆ "ಇಲ್ಲ" ಅಂತಾರೆ, ಅಲ್ಲಿಗೆ ಮಾತು ಮುಗಿಯಿತು. "ಅಣ್ಣ, ಮೊದಲು ನಿಮಗೆ ಯಾರು ತಂದು ಕೊಡ್ತಿದ್ರು? ಯಾವ ತಿಂಗಳು ಬರ್ತಿತ್ತು?" ಅಂತ ಕೇಳಿ ನೋಡಿ. ಗಿರಾಕಿ ಕಡಿಮೆ ಇರುವ ಮಧ್ಯಾಹ್ನದ ಹೊತ್ತಾದರೆ ಇನ್ನೂ ಒಳ್ಳೆಯದು. "ಬಂದರೆ ಎರಡು ಬಾಟಲಿ ನನಗೆ ಎತ್ತಿಡಿ" ಅಂತ ಫೋನ್ ನಂಬರ್ ಕೊಟ್ಟು ಬನ್ನಿ.

ಹಾಸನದಲ್ಲಿ ಕಟ್ಟಿನಕೆರೆ ಮಾರುಕಟ್ಟೆ ಸುತ್ತಿನ ಹಳೇ ದಿನಸಿ ಅಂಗಡಿಗಳು, ಚಿಕ್ಕಮಗಳೂರಿನಲ್ಲಿ ಎಂ.ಜಿ. ರಸ್ತೆಯ ಕಾಫಿಪುಡಿ ಅಂಗಡಿಗಳು, ಸಕಲೇಶಪುರದಲ್ಲಿ ಹೆದ್ದಾರಿ ಬದಿಯ ಸಾಂಬಾರ ಪದಾರ್ಥದ ಅಂಗಡಿಗಳು: ಈ ಮೂರು ಕಡೆ ವಿಚಾರಿಸಿದರೆ ಸಾಕು. ಸೂಪರ್ ಮಾರ್ಕೆಟ್ ಬಿಡಿ. ಅವರಿಗೆ ವರ್ಷವಿಡೀ ಬರುವ ಮಾಲು ಬೇಕು. ಸ್ತ್ರೀಶಕ್ತಿ ಸಂಘ, ಸಂಜೀವಿನಿ ಗುಂಪಿನವರು ಮೇಳಗಳಲ್ಲಿ ಮಳಿಗೆ ಹಾಕಿದಾಗಲೂ ಒಮ್ಮೆ ಕೇಳಿ. ಅಲ್ಲಿ ಇಟ್ಟಿಲ್ಲದಿದ್ದರೂ "ನಮ್ಮೂರಲ್ಲಿ ಒಬ್ಬರು ಹಾಕ್ತಾರೆ ಅಕ್ಕ" ಅಂತ ಹೇಳುವವರು ಸಿಗುತ್ತಾರೆ.

ಬಾಟಲಿ ಸಿಕ್ಕಿದರೆ ಬಣ್ಣ ನೋಡಿ. ಹುಳಿಯಲ್ಲಿ ನೆನೆದ ಮೆಣಸಿನ ಹಸಿರು ಮಾಸುತ್ತದೆ, ಸ್ವಲ್ಪ ಕಂದು ಬೆರೆತಂತೆ ಕಾಣುತ್ತದೆ. ಅದು ಸರಿಯಾದ ಬಣ್ಣ. ನಿಂಬೆರಸದಲ್ಲಿದ್ದೂ ಗಿಣಿಹಸಿರು ಇದ್ದರೆ ಬಣ್ಣ ಸೇರಿಸಿದ್ದಾರೋ ಏನೋ, ಲೇಬಲ್ ಓದಿ.

ತೋಟದಲ್ಲಿ ಇಷ್ಟೊಂದು ಇದ್ದೂ ಯಾಕೆ ಸಿಗುವುದಿಲ್ಲ?

ಇದು ಗೊತ್ತಾದರೆ ಅರ್ಧ ಹುಡುಕಾಟ ಮುಗಿದಂತೆ. ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ ಸಿಲ್ವರ್ ಓಕ್ ಮರ ಕಂಡಲ್ಲೆಲ್ಲ ಮೆಣಸಿನ ಬಳ್ಳಿ ಇರುತ್ತದೆ. ಜೂನ್, ಜುಲೈ ಮಳೆಗೆ ಗೆರೆ ಬಿಡುತ್ತದೆ. ಒಣಮೆಣಸಿಗೆ ಕೊಯ್ಯುವುದು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ, ಗೆರೆಯಲ್ಲಿ ಒಂದೆರಡು ಕಾಳು ಹಣ್ಣಾದಾಗ. ಉಪ್ಪಿನಕಾಯಿಗೆ ಅಷ್ಟು ಬಲಿತರೆ ಆಗುವುದಿಲ್ಲ. ಹೂ ಕಚ್ಚಿದ ನಾಲ್ಕೈದು ತಿಂಗಳಿಗೆ, ಒಳಗಿನ ಬೀಜ ಗಟ್ಟಿಯಾಗುವ ಮೊದಲೇ ಕೊಯ್ಯಬೇಕು. ಅಂದರೆ ಹೆಚ್ಚುಕಮ್ಮಿ ಅಕ್ಟೋಬರ್ ಕೊನೆಯಿಂದ ಡಿಸೆಂಬರ್.

ಆ ಹೊತ್ತಿಗೆ ತೋಟದ ಆಳುಗಳೆಲ್ಲ ಅರೇಬಿಕಾ ಕಾಫಿ ಹಣ್ಣಿನ ಕೊಯ್ಲಿನಲ್ಲಿ ಇರುತ್ತಾರೆ. ಎರಡು ಕೆ.ಜಿ. ಎಳೆ ಮೆಣಸಿಗೋಸ್ಕರ ಯಾರು ಏಣಿ ಹತ್ತುತ್ತಾರೆ? ಇನ್ನೊಂದು ಲೆಕ್ಕವೂ ಇದೆ. ಬಲಿತ ಮೆಣಸಾದರೆ ಸುಮಾರು ಮೂರು ಕೆ.ಜಿ. ಹಸಿಗೆ ಒಂದು ಕೆ.ಜಿ. ಒಣಮೆಣಸು ಬರುತ್ತದೆ. ಎಳೆಯದರಲ್ಲೇ ಕೊಯ್ದುಕೊಟ್ಟರೆ ಆ ತೂಕ ಹೋಯಿತು. ಒಣಮೆಣಸಿಗೆ ಒಳ್ಳೆ ರೇಟು ಇರುವ ವರ್ಷ ಬೆಳೆಗಾರರು ಉಪ್ಪಿನಕಾಯಿಗೆ ಕೊಡಲು ಹಿಂದೆಮುಂದೆ ನೋಡುವುದು ಸಹಜ. ತಪ್ಪು ಅವರದ್ದಲ್ಲ.

ಹಾಗಾಗಿ ಹಾಸನದವರಿಗೆ ಒಂದು ಗುರುತು: ಆಶ್ವಯುಜ ಹುಣ್ಣಿಮೆ ಕಳೆದು ಹಾಸನಾಂಬೆ ಗುಡಿಯ ಬಾಗಿಲು ತೆಗೆಯುವ ಹೊತ್ತಿಗೆ ಹುಡುಕಾಟ ಶುರು ಮಾಡಿ. ಸಂಕ್ರಾಂತಿ ಆದಮೇಲೆ ಹೊರಟರೆ ಸಿಗುವುದು ಬಲಿತ ಮೆಣಸು, ಅಗಿದರೆ ಕಲ್ಲು.

ತೋಟದವರನ್ನು ಕೇಳುವಾಗ

ಗುರುತಿನವರ ತೋಟವಾದರೆ ಕೈಗೆಟುಕುವ ಎತ್ತರದ ಗೆರೆಗಳನ್ನು ನೀವೇ ಕೊಯ್ದುಕೊಳ್ಳುತ್ತೀರಿ ಎಂದು ಹೇಳಿ. ಏಣಿಯ ಮಾತೇ ಬರುವುದಿಲ್ಲ. ದುಡ್ಡು ಕೊಡುತ್ತೇವೆ ಅಂತಲೂ ಮೊದಲೇ ಹೇಳಿ. ಆ ದಿನದ ಒಣಮೆಣಸಿನ ದರದ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಕೇಳುವುದು ನ್ಯಾಯವಲ್ಲ. ರಸ್ತೆ ಬದಿಯ ಬಳ್ಳಿ ಅಂತ ಕೇಳದೆ ಕೈ ಹಾಕಬೇಡಿ.

ಮರೆಯದೇ ಕೇಳಬೇಕಾದದ್ದು ಒಂದು: "ಔಷಧಿ ಯಾವಾಗ ಹೊಡೆದಿದ್ದು?" ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಸಿಂಪಡಿಸುತ್ತಾರೆ. ಎಲೆಯ ಮೇಲೆ ನೀಲಿ ಕಲೆ ಇನ್ನೂ ಕಾಣುತ್ತಿದ್ದರೆ ಆ ಬಳ್ಳಿ ಬಿಡಿ.

ಎಳೆಯದೋ ಅಲ್ಲವೋ ನೋಡಲು ಉಗುರಿನಲ್ಲಿ ಒಂದು ಕಾಳು ಒತ್ತಿ. ಸುಲಭವಾಗಿ ಒಡೆದು ಒಳಗೆ ಬಿಳಿಯಾಗಿ ಮೆತ್ತಗಿದ್ದರೆ ಸರಿ. ತಳಿಯ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಪಣಿಯೂರು-1 ಆದರೆ ಗೆರೆ ಉದ್ದ, ಕಾಳು ದಪ್ಪ. ಕರಿಮುಂಡ ಆದರೆ ಕಾಳು ಸಣ್ಣ. ನನಗೆ ಸಣ್ಣ ಕಾಳೇ ಇಷ್ಟ, ಆದರೆ ಬಲಿತ ಕರಿಮುಂಡಕ್ಕಿಂತ ಎಳೆ ಪಣಿಯೂರೇ ಮೇಲು.

ಮನೆಯಲ್ಲಿ ಹಾಕುವುದು

ಕೊಯ್ದ ದಿನವೇ ಹಾಕಿ. ಮೆಣಸಿನ ಸಿಪ್ಪೆಯಲ್ಲಿ ಒಂದು ಕಿಣ್ವ ಇದೆ. ಸಿಪ್ಪೆ ಜಜ್ಜಿ ಗಾಳಿ ತಾಗಿದರೆ ಅದು ಕಾಳನ್ನು ಕಪ್ಪು ಮಾಡುತ್ತದೆ. ಒಣಮೆಣಸು ಕಪ್ಪಾಗುವುದು ಹೀಗೇ. ಬೇಗ ಕಪ್ಪಾಗಲಿ ಅಂತಲೇ ಒಣಗಿಸುವವರು ಕಾಳನ್ನು ಒಂದು ನಿಮಿಷ ಕುದಿನೀರಿನಲ್ಲಿ ಅದ್ದುತ್ತಾರೆ. ನಮಗೆ ಬೇಕಾದದ್ದು ಇದರ ಉಲ್ಟಾ. ಬಿಸಿನೀರು ಬೇಡ, ಬಿಸಿಲೂ ಬೇಡ, ಗಾಳಿಯಿಂದಲೂ ದೂರ ಇಡಬೇಕು. ಉಪ್ಪು, ಹುಳಿ ಸೇರಿದರೆ ಕಪ್ಪಾಗುವುದು ನಿಲ್ಲುತ್ತದೆ.

ಕಾಲು ಕೆ.ಜಿ. ಗೆರೆಗೆ 300 ಮಿ.ಲೀ. ನೀರು, 90 ಗ್ರಾಂ ಕಲ್ಲುಪ್ಪು, 200 ಮಿ.ಲೀ. ನಿಂಬೆರಸ. ನೀರಿಗೆ ಉಪ್ಪು ಹಾಕಿ ಕುದಿಸಿ, ಸೋಸಿ, ಪೂರ್ತಿ ಆರಲು ಬಿಡಿ. ಇದನ್ನು ಮೆಣಸು ಮನೆಗೆ ಬರುವ ಮುಂಚೆಯೇ ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಗೆರೆಗಳನ್ನು ಎರಡು ಮೂರು ನೀರಿನಲ್ಲಿ ತೊಳೆದು, ಹತ್ತಿ ಬಟ್ಟೆಯ ಮೇಲೆ ನೆರಳಿನಲ್ಲಿ ಹರಡಿ. ಮೇಲಿನ ನೀರು ಆರಿದರೆ ಸಾಕು, ಬಾಡಬಾರದು. ಉದ್ದ ಇದ್ದರೆ ಕತ್ತರಿಯಲ್ಲಿ ತುಂಡು ಮಾಡಿ.

ಒಣಗಿದ ಗಾಜಿನ ಬಾಟಲಿಗೆ ಅಥವಾ ಪಿಂಗಾಣಿ ಜಾಡಿಗೆ ಒತ್ತೊತ್ತಾಗಿ ತುಂಬಿ. ಉಪ್ಪುನೀರಿಗೆ ನಿಂಬೆರಸ ಬೆರೆಸಿ ಮೇಲೆ ಸುರಿಯಿರಿ. ಎಲ್ಲ ಗೆರೆಯೂ ರಸದಲ್ಲಿ ಮುಳುಗಿರಬೇಕು. ತೇಲಿದರೆ ಮೇಲೆ ಸಣ್ಣ ಪಿಂಗಾಣಿ ತಟ್ಟೆ ಒತ್ತಿಡಿ. ಮೇಲೆ ಕಂಡ ಗೆರೆ ಕಪ್ಪಾಗುತ್ತದೆ, ಬೂಸ್ಟು ಶುರುವಾಗುವುದೂ ಅಲ್ಲಿಂದಲೇ. ತವರದ ಮುಚ್ಚಳ ಬೇಡ, ಉಪ್ಪು ಅದನ್ನು ತಿಂದುಹಾಕುತ್ತದೆ.

"ಹುಳಿ ಜಾಸ್ತಿ ಆಯ್ತು" ಅಂತ ನಿಂಬೆರಸ ಕಡಿಮೆ ಮಾಡಬೇಡಿ. ಕೆಡದಂತೆ ಕಾಯುವುದು ಅದು, ಉಪ್ಪಿನ ಜೊತೆ ಸೇರಿ. ಹುಳಿ ಕಡಿಮೆ ಬೇಕೆಂದರೆ ತಿನ್ನುವಾಗ ಸ್ವಲ್ಪ ನೀರಿನಲ್ಲಿ ತೊಳೆದುಕೊಳ್ಳಿ. ಮೂರು ವಾರದ ನಂತರ ರುಚಿ ನೋಡಿ. ಆಮೇಲೆ ಫ್ರಿಜ್ಜಿನಲ್ಲಿಟ್ಟು, ಒಣ ಚಮಚದಿಂದ ತೆಗೆದುಕೊಳ್ಳಿ. ಬೂಸ್ಟು ಬಂದರೆ, ವಾಸನೆ ಬದಲಾದರೆ, ಮೇಲಿನದು ತೆಗೆದು ಉಳಿದದ್ದು ತಿನ್ನುವ ಜಿಪುಣತನ ಬೇಡ. ಪೂರ್ತಿ ಚೆಲ್ಲಿ.

ಕಾಳು ಮುಗಿದರೂ ರಸ ಉಳಿದಿರುತ್ತದೆ. ನೀರುಮಜ್ಜಿಗೆಗೆ ಒಂದು ಚಮಚ ಹಾಕಿ ನೋಡಿ. ಆಗ ಉಪ್ಪು ಬೇರೆ ಹಾಕಬೇಡಿ.

ತೋಟ ಇಲ್ಲದವರಿಗೆ

ಬಳ್ಳಿಯ ಪಕ್ಕದ ಕವಲುಗಳಿಂದ, ಅಂದರೆ ಗೆರೆ ಬಿಡುವ ಕವಲುಗಳಿಂದ ಮಾಡಿದ ಸಸಿ ಮರ ಹತ್ತುವುದಿಲ್ಲ. ಕುಂಡದಲ್ಲೇ ಪೊದೆಯಾಗಿ ಬೆಳೆಯುತ್ತದೆ. ನರ್ಸರಿಗಳಲ್ಲಿ ಬುಷ್ ಪೆಪ್ಪರ್ ಅಂದರೆ ಗೊತ್ತಾಗುತ್ತದೆ. ನೀರು, ಗೊಬ್ಬರ ಸರಿಯಾಗಿ ಕೊಟ್ಟರೆ ಮಳೆಗಾಲಕ್ಕೆ ಕಾಯದೆ ಆಗಾಗ ಗೆರೆ ಬಿಡುತ್ತದೆ. ಒಂದು ಗಿಡದಿಂದ ಜಾಡಿ ತುಂಬುವುದಿಲ್ಲ, ಸಣ್ಣ ಬಾಟಲಿಗೆ ಸಾಲುತ್ತದೆ. ಮಟಮಟ ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳದ ಜಾಗದಲ್ಲಿಡಿ. ಕುಂಡದಲ್ಲಿ ನೀರು ನಿಲ್ಲಬಾರದು, ಬೇರು ಕೊಳೆಯುತ್ತದೆ. ಕೊಳ್ಳುವಾಗ ಗೆರೆ ಬಿಟ್ಟಿರುವ ಗಿಡವನ್ನೇ ಆರಿಸಿ.