ಗಂಗೆಯ ನಡುವೆ ಕುಳಿತು ಬಾಣಬಿರುಸು ನೋಡುವುದು ಹೇಗೆ?

ದೋಣಿ ಎಂದರೆ ಕೊಡಗಿನ ಬಹುತೇಕರಿಗೆ ನೆನಪಾಗುವುದು ದುಬಾರೆಯಲ್ಲಿ ಆನೆ ಶಿಬಿರಕ್ಕೆಂದು ಕಾವೇರಿಯನ್ನು ದಾಟುವ ಕೆಲವು ನಿಮಿಷಗಳು ಮಾತ್ರ. ಕತ್ತಲಾದ ಮೇಲೆ ಹೊಳೆಯ ನಡುವೆ ಗಂಟೆಗಟ್ಟಲೆ ಕುಳಿತು, ನೆತ್ತಿಯ ಮೇಲೆ ಬಾಣಬಿರುಸು ಅರಳುವುದನ್ನೂ ಅದೇ ಬಣ್ಣ ಪಕ್ಕದ ನೀರಿನಲ್ಲಿ ಚೂರುಚೂರಾಗಿ ಅಲುಗುವುದನ್ನೂ ನೋಡಬೇಕೆಂದರೆ ಜಿಲ್ಲೆಯಿಂದ ಬಹಳ ದೂರ ಹೋಗಬೇಕು. ನನ್ನನ್ನು ಕೇಳಿದರೆ ಅದಕ್ಕೆ ಹೇಳಿ ಮಾಡಿಸಿದ ಊರು ಕಾಶಿ, ಹೇಳಿ ಮಾಡಿಸಿದ ರಾತ್ರಿ ಕಾರ್ತಿಕ ಹುಣ್ಣಿಮೆ. ಶಿವನು ತ್ರಿಪುರಾಸುರರನ್ನು ಸಂಹರಿಸಿದ ದಿನವೆಂದು ನಂಬುವ ಆ ಸಂಜೆ, ಗಂಗೆಯ ದಡದ ಘಾಟ್‌ಗಳ ಮೆಟ್ಟಿಲುಗಳ ಮೇಲೆ ಲಕ್ಷಾಂತರ ಹಣತೆಗಳನ್ನು ಹಚ್ಚಿ ‘ದೇವ ದೀಪಾವಳಿ’ ಆಚರಿಸುತ್ತಾರೆ. ನಂಬಿಕೆ ಪುರಾಣ ಕಾಲದ್ದಾದರೂ ಘಾಟ್‌ಗಳನ್ನು ಹೀಗೆ ಸಾಲುಸಾಲಾಗಿ ಬೆಳಗುವ ಈಗಿನ ಪರಿಪಾಠ ಪಂಚಗಂಗಾ ಘಾಟ್‌ನಲ್ಲಿ ಆರಂಭವಾದದ್ದು 1985ರಲ್ಲಿ. ಎದುರು ದಡದ ಮರಳಿನ ಮೇಲಿನಿಂದ ಬಾಣಬಿರುಸು ಹಾರಿಸುವುದು ಇತ್ತೀಚಿನ ವರ್ಷಗಳಲ್ಲಿ ಸೇರಿಕೊಂಡ ಆಕರ್ಷಣೆ.

ಎರಡು ವರ್ಷದ ಹಿಂದೆ ನಮ್ಮ ಮನೆಯಿಂದ ಒಂಬತ್ತು ಮಂದಿ ಹೋಗಿದ್ದೆವು. ಫೋನಿನಲ್ಲಿ ಗೊತ್ತುಮಾಡಿದ ದೋಣಿಯಲ್ಲಿ ನಾವಷ್ಟೇ ಇರುತ್ತೇವೆಂದು ತಿಳಿದಿದ್ದೆವು. ಹತ್ತಿ ನೋಡಿದರೆ ಇಪ್ಪತ್ತಮೂರು ಜನ. ಐದು ಗಂಟೆಗೆ ಹೊರಡಬೇಕಾದದ್ದು ಆರೂವರೆಗೆ ಹೊರಟಿತು, ದೊಡ್ಡ ದೋಣಿಗಳ ಬೆನ್ನಿಗೆ ಸಿಕ್ಕಿಕೊಂಡಿತು, ಅರ್ಧ ಆಕಾಶವನ್ನಷ್ಟೇ ನಮಗೆ ತೋರಿಸಿತು. ಮುಂದೆ ಬರೆದಿರುವುದರಲ್ಲಿ ಹೆಚ್ಚಿನದು ಆ ಸಂಜೆ ಕಲಿತ ಪಾಠ.

ಮೊದಲು ಪಂಚಾಂಗ, ಆಮೇಲೆ ಟಿಕೆಟ್

ದೇವ ದೀಪಾವಳಿ ನಮ್ಮ ದೀಪಾವಳಿಯಾದ ಹದಿನೈದು ದಿನಕ್ಕೆ ಬರುತ್ತದೆ. 2025ರಲ್ಲಿ ಅದು ನವೆಂಬರ್ 5ರಂದು ಬಂದಿತ್ತು. 2026ರ ಕಾರ್ತಿಕ ಹುಣ್ಣಿಮೆ ನವೆಂಬರ್ 24ರಂದು. ಕೊಡಗಿನವರು ಇನ್ನೊಂದು ಲೆಕ್ಕವನ್ನೂ ನೋಡಿಕೊಳ್ಳಬೇಕು. ಹುತ್ತರಿಯ ಮುಹೂರ್ತವನ್ನು ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ಸನ್ನಿಧಿಯಲ್ಲಿ ನಿಶ್ಚಯಿಸುವಾಗ ಹುಣ್ಣಿಮೆ ಮತ್ತು ರೋಹಿಣಿ ನಕ್ಷತ್ರವನ್ನು ನೋಡುವುದರಿಂದ, ಕೆಲವು ವರ್ಷ ಹುತ್ತರಿಯೂ ಇದೇ ಹುಣ್ಣಿಮೆಯ ಆಸುಪಾಸಿಗೆ ಬಂದುಬಿಡುತ್ತದೆ. ಐನ್‌ಮನೆಯಲ್ಲಿ ಕದಿರು ತೆಗೆಯುವ ಹೊತ್ತಿಗೆ ಮನೆಯ ಹಿರಿಯರು ಕಾಶಿಯಲ್ಲಿ ದೋಣಿಯ ಮೇಲಿದ್ದರೆ ಅದನ್ನು ಮುಂದಿನ ಹುತ್ತರಿಯವರೆಗೂ ಕೇಳಬೇಕಾಗುತ್ತದೆ. ತೋಟವಿರುವವರಿಗೆ ಅರೇಬಿಕಾ ಕೊಯ್ಲು ಶುರುವಾಗುವ ಕಾಲವೂ ಅದೇ. ಈ ಎರಡೂ ಹೊಂದುವ ವರ್ಷವನ್ನೇ ಆರಿಸಿಕೊಳ್ಳುವುದು ಒಳ್ಳೆಯದು.

ಜಿಲ್ಲೆಗೆ ರೈಲು ಇಲ್ಲದ ಕಾರಣ ಪ್ರಯಾಣ ಮೈಸೂರಿನಿಂದಲೋ ಬೆಂಗಳೂರಿನಿಂದಲೋ ಆರಂಭವಾಗಬೇಕು. ಮೈಸೂರು–ವಾರಾಣಸಿ ಎಕ್ಸ್‌ಪ್ರೆಸ್ ಪ್ರತಿದಿನ ಓಡುವುದಿಲ್ಲ, ಸುಮಾರು ಎರಡು ದಿನ ಹಿಡಿಯುತ್ತದೆ. ಆದರೆ ಮಡಿಕೇರಿಯಿಂದ 120 ಕಿ.ಮೀ. ದೂರದ ಮೈಸೂರಿನಲ್ಲಿ ಹತ್ತಿದರೆ ನಡುವೆ ಬದಲಿಸುವ ಗೋಜಿಲ್ಲ. ರೈಲು ಟಿಕೆಟ್ ಕಾಯ್ದಿರಿಸುವ ಅವಧಿ 2024ರ ನವೆಂಬರ್‌ನಿಂದ 120 ದಿನದ ಬದಲು 60 ದಿನಕ್ಕೆ ಇಳಿದಿರುವುದರಿಂದ, ಹುಣ್ಣಿಮೆಗೆ ಎರಡು ದಿನ ಮೊದಲು ಊರು ತಲುಪುವಂತೆ ಲೆಕ್ಕ ಹಾಕಿ, ಆ 60ನೇ ದಿನದ ಬೆಳಿಗ್ಗೆಯೇ ಟಿಕೆಟ್ ಮಾಡಿಸಬೇಕು. ಬೆಂಗಳೂರಿನಿಂದ ವಿಮಾನವೂ ಇದೆ. ವಾರಾಣಸಿಯ ನಿಲ್ದಾಣ ಊರಿನಿಂದ ಸುಮಾರು 25 ಕಿ.ಮೀ. ದೂರದ ಬಾಬತ್‌ಪುರದಲ್ಲಿದೆ. ಯಾವುದರಲ್ಲಿ ಹೋದರೂ ಮಕ್ಕಳ ಚೀಲದಲ್ಲಿ ದೀಪಾವಳಿಯಿಂದ ಉಳಿದ ಸುರ್‌ಸುರ್‌ಬತ್ತಿ ಇಲ್ಲವೆಂದು ನೋಡಿಕೊಳ್ಳಿ. ರೈಲಿನಲ್ಲಿ ಪಟಾಕಿ ಸಾಗಿಸುವುದು ಜೈಲುಶಿಕ್ಷೆಯಾಗಬಹುದಾದ ಅಪರಾಧ.

ಉಳಿದುಕೊಳ್ಳಲು ಘಾಟ್‌ಗಳಿಗೆ ನಡೆದು ಹೋಗುವಷ್ಟು ಹತ್ತಿರದ ಜಾಗವೇ ಬೇಕು. ಹನುಮಾನ್ ಘಾಟ್, ಕೇದಾರ ಘಾಟ್‌ಗಳ ಸುತ್ತ ದಕ್ಷಿಣದವರು ತಲೆಮಾರುಗಳಿಂದ ನೆಲೆಸಿದ್ದಾರೆ. ಕರ್ನಾಟಕದ ಹೆಸರಿನದೇ ಒಂದು ಘಾಟ್ ಕೂಡ ಅಲ್ಲಿದೆ. ದಶಾಶ್ವಮೇಧ ಘಾಟ್‌ಗೆ ಹತ್ತಿರದ ಗೋದೌಲಿಯಾ ವೃತ್ತದ ಬಳಿ ವೀರಶೈವರ ಜಂಗಮವಾಡಿ ಮಠವಿದೆ. ಹುಣ್ಣಿಮೆಯ ದಿನ ಮಧ್ಯಾಹ್ನದಿಂದಲೇ ಗೋದೌಲಿಯಾ ಕಡೆಗೆ ವಾಹನ ಬಿಡುವುದಿಲ್ಲವಾದ್ದರಿಂದ, ಊರ ಹೊರಗಿನ ದೊಡ್ಡ ಹೋಟೆಲಿನಲ್ಲಿ ಇಳಿದವರು ವಯಸ್ಸಾದವರನ್ನು ಕರೆದುಕೊಂಡು ಆ ಜನಸಾಗರದಲ್ಲಿ ಕಿಲೋಮೀಟರುಗಟ್ಟಲೆ ನಡೆಯಬೇಕಾಗುತ್ತದೆ.

ಎಂಥ ದೋಣಿ, ಎಂಥ ಮಾತು

ಅಲ್ಲಿ ಮುಖ್ಯವಾಗಿ ನಾಲ್ಕು ಬಗೆಯ ದೋಣಿಗಳಿವೆ. ಹುಟ್ಟು ಹಾಕಿ ನಡೆಸುವ ಸಣ್ಣ ನಾವೆ, ಎಂಜಿನ್ ಕೂಡಿಸಿದ ಮಧ್ಯಮ ದೋಣಿ, ಎರಡು ಅಂತಸ್ತಿನ ಬಜರಾ, ಹವಾನಿಯಂತ್ರಿತ ಕೋಣೆಯುಳ್ಳ ಕ್ರೂಸ್ ಹಡಗು. ಎಂಜಿನ್ ದೋಣಿಗಳಲ್ಲಿ ಬಹಳಷ್ಟು ಈಗ ಡೀಸೆಲ್ ಬಿಟ್ಟು ಸಿಎನ್‌ಜಿಗೆ ಬದಲಾಗಿವೆ, ಅವಕ್ಕೆ ಅನಿಲ ತುಂಬಿಸಲು ನದಿಯ ಮೇಲೆಯೇ ತೇಲುವ ಕೇಂದ್ರವಿದೆ. ಮೂರು ಗಂಟೆ ಡೀಸೆಲ್ ಹೊಗೆ ಕುಡಿಯದೆ ಕುಳಿತುಕೊಳ್ಳಬಹುದು ಎನ್ನುವುದೇ ಸಣ್ಣ ಲಾಭವಲ್ಲ.

ಮೊಣಕಾಲು ನೋವಿನವರೂ ಪದೇ ಪದೇ ಶೌಚಾಲಯ ಬೇಕಾಗುವವರೂ ಜೊತೆಗಿದ್ದರೆ ಕ್ರೂಸ್ ಹಡಗೇ ಸರಿ, ಏಕೆಂದರೆ ಸಣ್ಣ ದೋಣಿಗಳಲ್ಲಿ ಆ ಸೌಕರ್ಯವಿಲ್ಲ ಮತ್ತು ಆ ರಾತ್ರಿ ನಡುವೆ ದಡಕ್ಕೆ ಬಂದು ಹೋಗುವ ಮಾತೇ ಇಲ್ಲ. ಉಳಿದವರಿಗೆ ನನ್ನ ಶಿಫಾರಸು ಹತ್ತು–ಹನ್ನೆರಡು ಜನರ ಎಂಜಿನ್ ದೋಣಿಯನ್ನು ಪೂರ್ತಿಯಾಗಿ ಗೊತ್ತುಮಾಡಿಕೊಳ್ಳುವುದು. ಗಂಗೆ ಕಾಶಿಯಲ್ಲಿ ಉತ್ತರಕ್ಕೆ ಹರಿಯುತ್ತದೆ. ಘಾಟ್‌ಗಳೆಲ್ಲ ಪಶ್ಚಿಮ ದಡದಲ್ಲಿವೆ, ಮರಳಿನ ಬಯಲು ಪೂರ್ವದಲ್ಲಿದೆ. ದೀಪ ಒಂದು ಕಡೆ, ಬಾಣಬಿರುಸು ಇನ್ನೊಂದು ಕಡೆ. ಸಣ್ಣ ದೋಣಿಯಲ್ಲಿ ಕುಳಿತಲ್ಲೇ ತಿರುಗಿದರೆ ಎರಡೂ ಸಿಗುತ್ತವೆ. ತುಂಬಿದ ಬಜರಾದ ಕೆಳ ಅಂತಸ್ತಿನಲ್ಲಿ ಸಿಗುವುದು ಹೆಚ್ಚಾಗಿ ಮುಂದಿನವರ ಬೆನ್ನು.

ಬಾಡಿಗೆ ಆ ದಿನ ಮಾಮೂಲಿಗಿಂತ ಹಲವು ಪಟ್ಟು ಏರುತ್ತದೆ. ಚೌಕಾಸಿಗೆ ಬೆಲೆಯಿಲ್ಲದ ದಿನವದು. ಆದರೆ ಮಾತು ಖಚಿತವಾಗಿರಬೇಕು. ಹೇಳಿದ ಮೊತ್ತ ಇಡೀ ದೋಣಿಗೋ ತಲೆಗೋ, ನಮ್ಮನ್ನು ಬಿಟ್ಟು ಬೇರೆಯವರು ಹತ್ತುವರೋ, ಯಾವ ಘಾಟ್‌ನಿಂದ ಎಷ್ಟು ಹೊತ್ತಿಗೆ ಹೊರಟು ಯಾವ ಘಾಟ್‌ನಲ್ಲಿ ಇಳಿಸುವುದು, ಬಾಣಬಿರುಸು ಮುಗಿಯುವವರೆಗೂ ನದಿಯಲ್ಲೇ ಇರುವುದೋ ಎಂಬುದನ್ನೆಲ್ಲ ಹಿಂದಿನ ದಿನವೇ ಅಂಬಿಗರನ್ನು ಮುಖತಃ ಕಂಡು, ಅವರ ದೋಣಿಯನ್ನೂ ಅದರ ಮೇಲೆ ಬರೆದ ನೋಂದಣಿ ಸಂಖ್ಯೆಯನ್ನೂ ನೋಡಿ ಇತ್ಯರ್ಥ ಮಾಡಿಕೊಂಡು, ಅದೇ ಮಾತನ್ನು ಅವರ ಮೊಬೈಲಿಗೆ ಸಂದೇಶವಾಗಿ ಕಳಿಸಿಟ್ಟರೆ ಮರುದಿನ ವಾದಕ್ಕೆ ಆಸ್ಪದವಿರುವುದಿಲ್ಲ. ಮುಂಗಡ ಅರ್ಧಕ್ಕಿಂತ ಹೆಚ್ಚು ಕೊಡಬೇಡಿ. ಹಿಂದಿ ಬಾರದವರು ನಾಚಿಕೊಳ್ಳಬೇಕಾಗಿಲ್ಲ, ದಕ್ಷಿಣದ ಯಾತ್ರಿಕರನ್ನು ಕಂಡು ಕಂಡು ಅಂಬಿಗರಲ್ಲಿ ಕೆಲವರು ನಮ್ಮ ಭಾಷೆಯ ಅಂಕಿಗಳನ್ನಾದರೂ ಕಲಿತಿರುತ್ತಾರೆ.

ಹೊರಡುವ ಹೊತ್ತು

ಇಡೀ ಕಾರ್ಯಕ್ರಮದಲ್ಲಿ ಅತಿ ಮುಖ್ಯವಾದದ್ದು ಇದೊಂದೇ: ಸೂರ್ಯ ಮುಳುಗುವ ಮೊದಲೇ ನೀರಿನ ಮೇಲಿರಬೇಕು. ಕಾಶಿ ನಮಗಿಂತ ಪೂರ್ವಕ್ಕೂ ಉತ್ತರಕ್ಕೂ ಇರುವುದರಿಂದ ನವೆಂಬರ್‌ನಲ್ಲಿ ಅಲ್ಲಿ ಸೂರ್ಯಾಸ್ತ ಐದೂಕಾಲರ ಸುಮಾರಿಗೇ ಆಗುತ್ತದೆ, ಮಡಿಕೇರಿಗಿಂತ ಸುಮಾರು ಮುಕ್ಕಾಲು ಗಂಟೆ ಮೊದಲು. ನಮ್ಮ ಊರಿನ ಅಂದಾಜಿನಲ್ಲಿ ‘ಇನ್ನೂ ಬೆಳಕಿದೆಯಲ್ಲ’ ಎಂದು ಚಹಾ ಕುಡಿಯುತ್ತ ನಿಂತರೆ ಕತ್ತಲಾಗಿಬಿಡುತ್ತದೆ. ನಾಲ್ಕು ಗಂಟೆಗೆ ಘಾಟ್‌ನಲ್ಲಿ, ನಾಲ್ಕೂವರೆಗೆ ದೋಣಿಯಲ್ಲಿ ಎಂಬುದು ಸರಿಯಾದ ಲೆಕ್ಕ.

ಬೇಗ ಹೋದವರಿಗೆ ಸಿಗುವ ಮೊದಲ ನೋಟಕ್ಕೆ ಯಾರೂ ದುಡ್ಡು ಕೇಳುವುದಿಲ್ಲ. ಹುಣ್ಣಿಮೆಯ ದಿನ ಸೂರ್ಯ ಮುಳುಗುವ ಹೊತ್ತಿಗೇ ಚಂದ್ರ ಹುಟ್ಟುವುದರಿಂದ, ಘಾಟ್‌ಗಳ ಕಟ್ಟಡಗಳ ಹಿಂದೆ ಸೂರ್ಯ ಇಳಿಯುತ್ತಿದ್ದಂತೆ ಎದುರಿನ ಮರಳಿನ ಅಂಚಿನಿಂದ ಚಂದ್ರ ಮೇಲೇಳುತ್ತಾನೆ. ಧೂಳು, ಹೊಗೆಯ ನಡುವೆ ಮೊದಲಿಗೆ ಅವನು ಹಣ್ಣಾದ ಕಾಫಿಯ ಬಣ್ಣದಲ್ಲಿರುತ್ತಾನೆ.

ಅಸ್ಸಿ ಘಾಟ್‌ನಿಂದ ಹತ್ತಿದರೆ ಹರಿವಿನ ಜೊತೆಗೇ ಉತ್ತರಕ್ಕೆ ತೇಲುತ್ತ, ಹರಿಶ್ಚಂದ್ರ, ಕೇದಾರ, ದಶಾಶ್ವಮೇಧ, ಮಣಿಕರ್ಣಿಕಾ ಘಾಟ್‌ಗಳನ್ನು ಒಂದೊಂದಾಗಿ ನೋಡಿಕೊಂಡು ಪಂಚಗಂಗಾ ತಲುಪಬಹುದು. ಅಲ್ಲಿ ಅಹಲ್ಯಾಬಾಯಿ ಹೋಳ್ಕರ್ ಕಾಲದ್ದೆನ್ನುವ ಕಲ್ಲಿನ ದೀಪಸ್ತಂಭವಿದೆ. ಅದರ ನೂರಾರು ಗೂಡುಗಳಲ್ಲಿ ಒಟ್ಟಿಗೇ ದೀಪ ಉರಿಯುವುದನ್ನು ನೋಡಿ ದೋಣಿ ಹಿಂದಕ್ಕೆ ತಿರುಗಬೇಕು. ಬರುವಾಗ ಹರಿವಿಗೆ ಎದುರಾಗಿ ಸಾಗುವುದರಿಂದಲೂ ದೋಣಿಗಳ ದಟ್ಟಣೆಯಿಂದಲೂ ಹೆಚ್ಚು ಹೊತ್ತು ಹಿಡಿಯುತ್ತದೆ. ಅದನ್ನು ಲೆಕ್ಕಕ್ಕೆ ತೆಗೆದುಕೊಂಡು ಏಳೂವರೆಯ ಹೊತ್ತಿಗೆ ವಿಶ್ವನಾಥ ಧಾಮದ ಎದುರಿಗೆ, ಅಂದರೆ ಲಲಿತಾ ಘಾಟ್ ಬಳಿಯ ನೀರಿಗೆ ಬಂದು ನಿಲ್ಲಲು ಹೇಳಿ. ಬಾಣಬಿರುಸು ಸಾಮಾನ್ಯವಾಗಿ ಎಂಟರ ಆಸುಪಾಸಿಗೆ ಆರಂಭವಾಗುತ್ತದೆ. ನಿಖರ ಸಮಯವನ್ನೂ ದೋಣಿಗಳ ಮೇಲಿನ ಆ ವರ್ಷದ ನಿರ್ಬಂಧಗಳನ್ನೂ ಜಿಲ್ಲಾಡಳಿತ ಹಬ್ಬಕ್ಕೆ ಕೆಲವೇ ದಿನ ಮೊದಲು ಪ್ರಕಟಿಸುವುದರಿಂದ ಹಿಂದಿನ ದಿನ ಕೇಳಿಕೊಳ್ಳಬೇಕು.

ದಾರಿಯಲ್ಲಿ ದಶಾಶ್ವಮೇಧ ಘಾಟ್‌ನ ಮುಂದೆ ದೋಣಿಯನ್ನು ಸ್ವಲ್ಪ ಹೊತ್ತು ನಿಲ್ಲಿಸಿಕೊಳ್ಳಿ. ಗಂಗಾರತಿಯ ಜೊತೆಗೆ ಅಂದು ಅಲ್ಲಿ ಅಮರ್ ಜವಾನ್ ಜ್ಯೋತಿಯ ಪ್ರತಿಕೃತಿಯನ್ನು ನಿಲ್ಲಿಸಿ, ಹುತಾತ್ಮ ಯೋಧರಿಗೆ ಪುಷ್ಪಚಕ್ರ ಅರ್ಪಿಸುತ್ತಾರೆ. ನಮ್ಮ ದೋಣಿಯಲ್ಲಿದ್ದ ನಿವೃತ್ತ ಸುಬೇದಾರರಾದ ದೊಡ್ಡಪ್ಪ, ಅದುವರೆಗೆ ಚಳಿಯೆಂದು ಗೊಣಗುತ್ತಿದ್ದವರು, ಮಫ್ಲರ್ ತೆಗೆದು ನೆಟ್ಟಗೆ ಕುಳಿತುಬಿಟ್ಟರು.

ಬಾಣಬಿರುಸು ಶುರುವಾದಾಗ

ಜೀವರಕ್ಷಕ ಜಾಕೆಟ್ಟನ್ನು ಹತ್ತುವಾಗಲೇ ತೊಡಬೇಕು. ತೊಟ್ಟ ಮೇಲೆ ಭುಜದ ಬಳಿ ಹಿಡಿದು ಮೇಲಕ್ಕೆತ್ತಿ ನೋಡಿ. ಅದು ಕಿವಿಯವರೆಗೆ ಏರಿದರೆ ಪಟ್ಟಿ ಸಡಿಲವಾಗಿದೆ ಎಂದರ್ಥ, ನೀರಿಗೆ ಬಿದ್ದರೆ ಜಾಕೆಟ್ ತೇಲುತ್ತದೆ, ಮನುಷ್ಯ ಕೆಳಗೆ ಜಾರುತ್ತಾನೆ. ಮಕ್ಕಳಿಗೆ ಮಕ್ಕಳ ಅಳತೆಯದ್ದೇ ಬೇಕು, ಅದನ್ನು ಹಿಂದಿನ ದಿನವೇ ಕೇಳಿ ತರಿಸಿಡಬೇಕು.

ನಿಜವಾದ ಅಪಾಯ ಬಾಣಬಿರುಸಿನದ್ದಲ್ಲ, ನೋಡುವವರದ್ದು. ಮೊದಲ ಬಾಣ ಸಿಡಿದ ಕೂಡಲೇ ನಮ್ಮ ದೋಣಿಯ ಇಪ್ಪತ್ತಮೂರು ಜನರೂ ಒಮ್ಮೆಗೇ ಎದ್ದು ಪೂರ್ವದ ಅಂಚಿಗೆ ಸರಿದರು. ದೋಣಿ ಆ ಕಡೆಗೆ ವಾಲಿ, ಅಂಚಿನ ಹಲಗೆಗೂ ನೀರಿಗೂ ನಡುವೆ ಒಂದು ಗೇಣು ಉಳಿದದ್ದನ್ನು ನಾನು ಕಣ್ಣಾರೆ ಕಂಡೆ. ‘ಬೈಠಿಯೇ, ಬೈಠಿಯೇ’ ಎಂದು ಕಿರುಚುತ್ತ ಅಂಬಿಗನ ಮಗ ಎದುರು ಅಂಚಿನ ಮೇಲೆ ತನ್ನ ಇಡೀ ಭಾರ ಹಾಕಿ ಕುಳಿತಿದ್ದ. ಆದ್ದರಿಂದ ಹೊರಡುವ ಮೊದಲೇ ಯಾರು ಎಲ್ಲಿ ಕೂರುವುದೆಂದು ನಿಶ್ಚಯಿಸಿ, ಎರಡೂ ಬದಿಗೆ ಸಮನಾಗಿ ಹಂಚಿ ಕುಳಿತು, ಏನೇ ಆದರೂ ಏಳುವುದಿಲ್ಲವೆಂದು ಮಕ್ಕಳಿಗಿಂತ ಮೊದಲು ದೊಡ್ಡವರಿಂದ ಮಾತು ತೆಗೆದುಕೊಳ್ಳಿ.

ಎಷ್ಟು ದೂರದಲ್ಲಿರಬೇಕು ಎಂಬುದಕ್ಕೆ ಮಳೆಗಾಲದಲ್ಲಿ ನಾವು ಮಾಡುವ ಲೆಕ್ಕವೇ ಸಾಕು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಮಿಂಚಿಗೂ ಗುಡುಗಿಗೂ ನಡುವೆ ಎಣಿಸುವಂತೆ, ಬೆಳಕು ಕಂಡಮೇಲೆ ಸದ್ದು ಬರುವವರೆಗೆ ಎಣಿಸಿದರೆ ದೂರ ತಿಳಿಯುತ್ತದೆ. ಒಂದೂವರೆ ಸೆಕೆಂಡಿನ ಅಂತರವಿದ್ದರೆ ಸುಮಾರು 500 ಮೀಟರ್. ಕತ್ತು ನೋಯಿಸಿಕೊಳ್ಳದೆ ಪೂರ್ತಿ ಹೂವು ನೋಡಲು ಅಷ್ಟು ಹಿತ. ಬೆಳಕಿನ ಬೆನ್ನಿಗೇ ಸದ್ದು ಎದೆಗೆ ಬಡಿಯುತ್ತಿದ್ದರೆ, ಉರಿದ ಚೂರು ನೀರಿಗೆ ಬೀಳುವುದು ಕಾಣುತ್ತಿದ್ದರೆ, ಘಾಟ್‌ಗಳ ಕಡೆಗೆ ಸರಿಯಲು ಅಂಬಿಗರಿಗೆ ಹೇಳಿ.

ಗಾಳಿ ಕಡಿಮೆಯಿರುವ ಚಳಿಯ ರಾತ್ರಿಯಲ್ಲಿ ಹೊಗೆ ಎದ್ದಲ್ಲೇ ನಿಲ್ಲುತ್ತದೆ. ಹತ್ತು ನಿಮಿಷ ಕಳೆದ ಮೇಲೆ ಸಿಡಿಯುವ ಬಾಣಗಳು ಅದೇ ಹೊಗೆಯ ಹಿಂದೆ ಬರಿಯ ಬಣ್ಣದ ಮೋಡಗಳಾಗಿ ಕಾಣುವುದರಿಂದ, ಚೆನ್ನಾಗಿ ಕಾಣುವ ಮೊದಲ ನಿಮಿಷಗಳನ್ನು ಫೋನ್ ಸರಿಪಡಿಸುತ್ತ ಕಳೆಯಬಾರದು. ಚಿತ್ರ ಬೇಕೇ ಬೇಕೆನ್ನುವವರು ಫ್ಲಾಷ್ ಆರಿಸಿ, ರಾತ್ರಿ ಮೋಡ್ ಕೂಡ ಬಿಟ್ಟು, ವಿಡಿಯೊ ತೆಗೆಯುವುದು ಲೇಸು. ರಾತ್ರಿ ಮೋಡ್‌ನಲ್ಲಿ ಕ್ಯಾಮೆರಾ ಕೆಲವು ಸೆಕೆಂಡು ತೆರೆದಿರುತ್ತದೆ, ದೋಣಿಯಂತೂ ಅಲುಗುತ್ತಲೇ ಇರುತ್ತದೆ. ಬರುವುದು ಗೀಚಿದ ಗೆರೆಗಳಷ್ಟೇ. ಫೋನಿಗೆ ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳಿ, ಗಂಗೆಗೆ ಬಿದ್ದದ್ದು ಗಂಗಾರ್ಪಣ. ಉಸಿರಾಟದ ತೊಂದರೆಯಿರುವವರಿಗೆ ಮಾಸ್ಕ್, ಶಿಶುಗಳಿಗೆ ಕಿವಿ ಮುಚ್ಚುವ ಟೋಪಿ, ಎಲ್ಲರಿಗೂ ಸ್ವೆಟರ್ ಇರಲಿ. ಕೊಡಗಿನ ಚಳಿ ಕಂಡವರಿಗೆ ಇದೇನು ಮಹಾ ಎಂದುಕೊಂಡವರೂ ನೀರಿನ ಮೇಲಿನ ಮೂರನೆಯ ಗಂಟೆಯಲ್ಲಿ ಕಂಬಳಿ ಹುಡುಕುತ್ತಾರೆ.

ಇಳಿಯುವಾಗ

ಕೊನೆಯ ಬಾಣ ಸಿಡಿದೊಡನೆ ಎಲ್ಲ ದೋಣಿಗಳೂ ಒಟ್ಟಿಗೇ ದಡಕ್ಕೆ ನುಗ್ಗುತ್ತವೆ. ಆಗ ಅವಸರ ಮಾಡದೆ ನದಿಯ ನಡುವೆಯೇ ಅರ್ಧ ಗಂಟೆ ನಿಂತು, ಕಟ್ಟಿಕೊಂಡು ಬಂದ ಬುತ್ತಿಯನ್ನು ಅಲ್ಲೇ ಬಿಚ್ಚಿ, ದಶಾಶ್ವಮೇಧದ ಬದಲು ಜನ ಕಡಿಮೆಯಿರುವ ದಕ್ಷಿಣದ ಘಾಟ್ ಒಂದರಲ್ಲಿ ಇಳಿಯುವುದು ಜಾಣತನ. ಅಂಥ ಘಾಟ್ ಯಾವುದೆಂದು ಅಂಬಿಗರೇ ಹೇಳುತ್ತಾರೆ.

ಇಳಿದ ಮೇಲೆ ಮೆಟ್ಟಿಲುಗಳ ಬಗ್ಗೆ ಎಚ್ಚರ ಬೇಕು. ಸಾವಿರಾರು ಹಣತೆಗಳಿಂದ ಚೆಲ್ಲಿದ ಎಣ್ಣೆ ಕಲ್ಲಿನ ಮೇಲೆ ಹರಡಿರುತ್ತದೆ, ಅರ್ಧ ಆರಿದ ಬತ್ತಿಗಳು ಅಲ್ಲಲ್ಲಿ ಇನ್ನೂ ಉರಿಯುತ್ತಿರುತ್ತವೆ. ನುಣುಪಾದ ಅಟ್ಟೆಯ ಚಪ್ಪಲಿ ಬೇಡವೇ ಬೇಡ. ಮಳೆಗಾಲದಲ್ಲಿ ತೋಟಕ್ಕೆ ಹಾಕುವ ಹಿಡಿತವಿರುವ ಚಪ್ಪಲಿಯೇ ಅಲ್ಲಿಗೂ ಯೋಗ್ಯ. ಸೀರೆ ಉಟ್ಟವರು ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಮೊಬೈಲಿನ ಬೆಳಕನ್ನು ಮುಂದಕ್ಕಲ್ಲ, ಕಾಲಿನ ಕೆಳಗೆ ಬಿಟ್ಟುಕೊಂಡು, ಮೆಟ್ಟಿಲಿನ ಅಂಚಿನಲ್ಲಿರುವ ಹಣತೆಯ ಸಾಲಿನಿಂದ ದೂರ, ನಡುವಿನಲ್ಲೇ ಹತ್ತಬೇಕು. ನಮ್ಮ ಚಿಕ್ಕಮ್ಮ ಅಂಚಿನಲ್ಲಿ ಹತ್ತಿದ್ದರು. ಅವರ ಸೀರೆಯ ಅಂಗೈಯಗಲದ ಎಣ್ಣೆಕಲೆ ಮೂರು ಒಗೆತಕ್ಕೂ ಹೋಗಲಿಲ್ಲ.